ಹನ್ನೊಂದು ಗಿಡಗಳ ಸಾಕ್ಷಿ

ನಮ್ಮ ಊರಾದ ಇಂಡಿಯಲ್ಲಿ ಲಿಂಬೆ ಬೆಳೆಯುವವರ ಮನೆಯಲ್ಲಿ ಹುಟ್ಟಿದವರಿಗೆ ಒಂದು ಸೊಕ್ಕು ಇರುತ್ತದೆ. ಬೇರೆ ಯಾವ ವಿಷಯದಲ್ಲಿ ದಡ್ಡರಾದರೂ ಲಿಂಬೆಯ ವಿಷಯದಲ್ಲಿ ನಮಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಸೊಕ್ಕು. ನನಗೂ ಅದಿತ್ತು. ಬೇರೆಯವರಿಗಿಂತ ಒಂದು ಹಿಡಿ ಜಾಸ್ತಿಯೇ ಇತ್ತು ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಹೊರ್ತಿ ರಸ್ತೆಯ ಪಕ್ಕದಲ್ಲಿ ನಮ್ಮ ಅಪ್ಪನದು ಎರಡೆಕರೆ ತೋಟ. ಸಾಲಿಯ ಓದು ಬಿಟ್ಟ ಮೇಲೆ ಅಪ್ಪನ ಹಿಂದೆ ಹಿಂದೆ ತಿರುಗಿ ಕೆಲಸ ಕಲಿತೆ. ಮದುವೆಯಾದದ್ದೂ ಇಂಡಿಯಲ್ಲೇ ಆದ್ದರಿಂದ ಆ ತೋಟ ನನ್ನ ಕೈ ಬಿಡಲಿಲ್ಲ.

ಈಗ ನನಗೆ ಐವತ್ತು ದಾಟಿದೆ. ನಮ್ಮ ಕಡೆಯ ಕ್ರೈಸ್ತ ಸಭೆಗಳಿಂದ ಪರದೇಶಕ್ಕೆ ಸೇವೆಗೆ ಹೋಗುವ ತಂಡಗಳನ್ನು ಸಿದ್ಧ ಮಾಡುವ ಕೆಲಸವನ್ನು ನನಗೇ ಕೊಟ್ಟಿದ್ದಾರೆ. ಹೊರಡುವ ಹುಡುಗ ಹುಡುಗಿಯರು ನನ್ನ ಮುಂದೆ ಕುಳಿತು, ಲೀಡರ್ ಆಗಲು ಏನು ಬೇಕು ಎಂದು ಕೇಳುತ್ತಾರೆ. ನೋಟ್‌ಬುಕ್ ತೆರೆದು ಪೆನ್ನು ಹಿಡಿದಿರುತ್ತಾರೆ. ಅವರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ, ಅವರಿಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ.

ನಮ್ಮದು ಸಣ್ಣ ಸಭೆ. ಭಾನುವಾರ ಬೆಂಚು ತುಂಬಿದರೆ ಅಂದು ಯಾರದೋ ಮದುವೆ ಇರಬೇಕು ಇಲ್ಲ ಕ್ರಿಸ್ಮಸ್ ಇರಬೇಕು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲೂ ಇಂಥವೇ ಸಭೆಗಳು. ನಮ್ಮ ಅಜ್ಜಂದಿರ ಕಾಲದಿಂದ ಹೊರಗಿನವರು ಇಲ್ಲಿಗೆ ಬಂದು ಸೇವೆ ಮಾಡಿ ಹೋಗಿದ್ದಾರೆ. ಹತ್ತು ವರ್ಷದ ಹಿಂದೆ, ಒಮ್ಮೆಯಾದರೂ ನಾವು ಹೊರಗೆ ಹೋಗಬೇಡವೇ ಎಂಬ ಮಾತು ಎದ್ದು, ನಾಲ್ಕು ಊರಿನವರೂ ಸೇರಿ ಐದು ಜನರನ್ನು ಆರಿಸಿದರು. ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿ, ಮೂರು ತಿಂಗಳು. ಇಂಡಿಯ ಸಭಾಪಾಲಕರು ಮುಂದಾಳು. ಅವರನ್ನು ನಾವೆಲ್ಲ ಅಯ್ಯನವರು ಎನ್ನುತ್ತೇವೆ. ಸಿಂದಗಿಯಿಂದ ನೌಕರಿ ಮುಗಿಸಿದ ನರ್ಸ್ ಅಕ್ಕ, ಮುದ್ದೇಬಿಹಾಳದಿಂದ ಕಟ್ಟಡ ಕಟ್ಟುವ ಅರವತ್ತು ವರ್ಷದ ಗೌಂಡಿ ಕಾಕಾ, ಬಾಗೇವಾಡಿಯಿಂದ ಇಂಗ್ಲಿಷ್ ಚೆನ್ನಾಗಿ ಬರುವ ಟೀಚರ್ ಹುಡುಗಿ. ಐದನೆಯವಳು ನಾನು. ಮಹಿಳಾ ಕೂಟದಿಂದ ಒಬ್ಬರು ಇರಲಿ ಎಂದು ಸೇರಿಸಿಕೊಂಡಿದ್ದರು. ಅಲ್ಲಿಯ ಹೆಂಗಸರಿಗೆ ಹೊಲಿಗೆ ಕಲಿಸುವುದು, ನಮ್ಮವರಿಗೆ ಅಡುಗೆ ಮಾಡುವುದು ನನ್ನ ಪಾಲಿನ ಕೆಲಸ. ನಲವತ್ತು ದಾಟಿದರೂ ನಾನು ಅಲ್ಲಿಯವರೆಗೆ ಸೊಲ್ಲಾಪುರದ ಆಚೆ ಹೋದವಳಲ್ಲ.

ಆ ಹಳ್ಳಿ ನಮ್ಮ ಹಳ್ಳಿಗಳಂತೆಯೇ ಬಯಲು ಸೀಮೆ. ಮಣ್ಣು ಮಾತ್ರ ಕೆಂಪು. ಜನ ಮೆತ್ತಗೆ ಮಾತಾಡುತ್ತಾರೆ, ಎರಡೂ ಕೈ ಜೋಡಿಸಿ ಸಣ್ಣಗೆ ಚಪ್ಪಾಳೆ ತಟ್ಟಿ ನಮಸ್ಕಾರ ಹೇಳುತ್ತಾರೆ. ಅತಿಥಿಗೆ ಕುರ್ಚಿ, ಮನೆಯವರಿಗೆ ಚಾಪೆ. ಗಟ್ಟಿ ದನಿಯಲ್ಲಿ ಮಾತಾಡುವ ನಾವು ಐದು ಜನ ಅಲ್ಲಿ ಮೊದಲ ವಾರವೆಲ್ಲ ಜಗಳಾಡುವವರಂತೆ ಕಾಣುತ್ತಿದ್ದೆವಂತೆ. ಅಲ್ಲಿಯ ಸಭೆಯ ಪಾಸ್ಟರ್ ನಗುತ್ತಾ ಆಮೇಲೆ ಹೇಳಿದರು. ನಾವು ನಿಜವಾಗಿಯೂ ಜಗಳಾಡುತ್ತಿದ್ದೆವು ಎಂದು ನಾನು ಅವರಿಗೆ ಹೇಳಲಿಲ್ಲ.

ಮೂರನೆಯ ವಾರ ಅಯ್ಯನವರಿಗೆ ಮಲೇರಿಯಾ ಬಂತು. ಜ್ವರ ಏರಿದ ರೀತಿ ನೋಡಿ ನರ್ಸ್ ಅಕ್ಕ ತಡಮಾಡದೆ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಬೇಕೆಂದರು. ವಾಹನ ಬರುವ ಹೊತ್ತಿಗೆ ಅಯ್ಯನವರು ನನ್ನನ್ನು ಹತ್ತಿರ ಕರೆದರು. ಗೌಂಡಿ ಕಾಕಾ ವಯಸ್ಸಿನಲ್ಲಿ ದೊಡ್ಡವರು, ಟೀಚರ್ ಹುಡುಗಿ ಓದಿದವಳು, ನರ್ಸ್ ಅಕ್ಕ ತಾಳ್ಮೆಯವರು. ಆದರೂ ನನ್ನನ್ನೇ ಕರೆದರು.

"ನೀ ಜಗಳಗಂಟಿ ಅದಿ, ನನಗ ಗೊತ್ತೈತಿ. ಆದ್ರ ಊಟಕ್ಕ ಇನ್ನಾ ಯಾರ ಕುಂತಿಲ್ಲ ಅನ್ನೂದು ಮದ್ಲ ಕಾಣೂದು ನಿನ್ನ ಕಣ್ಣಿಗೇ. ಅದಕ್ಕ ಇವರನ್ನ ನೀನ ನೋಡ್ಕೋ," ಎಂದರು.

ಅವರು ಬದುಕಿ ಉಳಿದರು, ದೇವರಿಗೆ ಸ್ತೋತ್ರ. ಆದರೆ ಮೈಯಲ್ಲಿ ತ್ರಾಣ ಉಳಿಯಲಿಲ್ಲ, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಅವರನ್ನು ಅಲ್ಲಿಂದಲೇ ಊರಿಗೆ ಕಳಿಸಿದರು. ಮುಂಬೈಗೆ ಅವರ ಮಗ ಬಂದು ಕರೆದುಕೊಂಡು ಹೋದ. ನಾವು ನಾಲ್ಕು ಜನ ಉಳಿದೆವು, ನಾನು ಲೀಡರ್ ಆದೆ.

ಆದೆ ಎಂದರೆ, ಆದೆನೆಂದು ನನಗೆ ಅನಿಸಿತು, ಅಷ್ಟೇ. ಮಾರನೆಯ ದಿನವೇ ಒಂದು ಹಾಳೆಯಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಐದೂವರೆಗೆ ಪ್ರಾರ್ಥನೆ, ಆರೂವರೆಗೆ ಚಹಾ, ಯಾರು ಎಲ್ಲಿ ಹೋಗುತ್ತಾರೆ, ಯಾರು ಪಾತ್ರೆ ತೊಳೆಯುತ್ತಾರೆ, ಎಲ್ಲ. ಕಾಕಾ ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿ, ತಮ್ಮ ಕೆಲಸಕ್ಕೆ ಹೊರಗೆ ಹೋದರು. ಅಲ್ಲಿಯ ಸಾಲಿಯ ಮಕ್ಕಳಿಗೆ ಶೌಚಾಲಯ ಕಟ್ಟುವ ಕೆಲಸ ಅವರದು. ಅಂದಿನಿಂದ ನನ್ನನ್ನು 'ಲೀಡರ್ ಬಾಯಿ' ಎಂದು ಕರೆಯಲು ಶುರು ಮಾಡಿದರು, ನಮ್ಮ ಕಡೆ ಬಾಯಿ ಎಂದರೆ ಹೆಂಗಸು. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನನಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಐದೂವರೆಯ ಪ್ರಾರ್ಥನೆಗೆ ನಾನೂ ನರ್ಸ್ ಅಕ್ಕನೂ ಇಬ್ಬರೇ. ಟೀಚರ್ ಹುಡುಗಿಗೆ ಒಂದು ದಿನ ಬೈದೆ, ಅವಳು ಅತ್ತಳು. ಆಮೇಲೆ ಸಮಾಧಾನ ಮಾಡಬೇಕೆಂದುಕೊಂಡೆ, ಮಾಡಲಿಲ್ಲ. ಲೀಡರ್ ಆದವಳು ಮೆತ್ತಗಾದರೆ ಹೇಗೆ ಎಂದು ನನ್ನ ತಲೆಯಲ್ಲಿ ಹೊಕ್ಕಿತ್ತು.

ಯಾವುದಾದರೂ ಒಂದು ದೊಡ್ಡ ಕೆಲಸ ಮಾಡಿ ತೋರಿಸಬೇಕು, ಆಗ ಎಲ್ಲರೂ ದಾರಿಗೆ ಬರುತ್ತಾರೆ ಎಂದು ಆ ದಿನಗಳಲ್ಲಿ ಯೋಚಿಸುತ್ತಿದ್ದೆ. ಲಿಂಬೆ ಗಿಡಗಳು ಕಣ್ಣಿಗೆ ಬಿದ್ದದ್ದು ಆಗಲೇ.

ನಮ್ಮ ಬಿಡಾರದ ಹಿಂದೆ ಒಬ್ಬ ವಿಧವೆಯ ಮನೆ. ನನಗಿಂತ ಹಿರಿಯಳು, ಅರವತ್ತರ ಮೇಲಿರಬೇಕು. ಅಲ್ಲಿಯ ಸಭೆಯಲ್ಲಿ ಹಾಡು ಶುರು ಮಾಡುವವಳು ಅವಳೇ. ಮಗ ಸೊಸೆ ತೀರಿಹೋಗಿದ್ದರು, ಮೊಮ್ಮಗಳು ಒಬ್ಬಳು ಪಟ್ಟಣದ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಆ ಹುಡುಗಿಯ ಓದೆಲ್ಲ ನಿಂತಿದ್ದು ಮನೆಯ ಹಿಂದಿನ ಮೂವತ್ತು ಲಿಂಬೆ ಗಿಡಗಳ ಮೇಲೆ. ಅಜ್ಜಿಯೇ ಹಣ್ಣು ಕಿತ್ತು ದೊಡ್ಡ ರಸ್ತೆಯ ಬದಿಯಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದಳು. ಮಳೆ ಇಲ್ಲದ ತಿಂಗಳುಗಳಲ್ಲಿ ದಿನ ಬಿಟ್ಟು ದಿನ ಕೈಪಂಪಿನಿಂದ ತಲೆಯ ಮೇಲೆ ನೀರು ಹೊತ್ತು ತಂದು ಒಂದೊಂದೇ ಗಿಡಕ್ಕೆ ಹಾಕುತ್ತಿದ್ದಳು. ನಾನು ಹೊಲಿಗೆ ಕಲಿಸುತ್ತಾ ಕಿಟಕಿಯಿಂದ ಅದನ್ನು ನೋಡುತ್ತಿದ್ದೆ. ಕರುಳು ಚುರ್ ಎನ್ನುತ್ತಿತ್ತು. ಅದು ಸುಳ್ಳಲ್ಲ. ಆದರೆ ಆ ಕನಿಕರದ ಜೊತೆಗೇ, ಈಕೆಗೆ ಲಿಂಬೆ ಬೆಳೆಯುವುದು ಗೊತ್ತೇ ಇಲ್ಲ ಎಂಬ ಸಂತೋಷವೂ ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಇಂಡಿಯ ಲಿಂಬೆಯ ಗುಟ್ಟು ನೀರು ಹಾಕುವುದರಲ್ಲಿಲ್ಲ, ನೀರು ನಿಲ್ಲಿಸುವುದರಲ್ಲಿದೆ. ಗಿಡವನ್ನು ಅದರ ಪಾಡಿಗೆ ಬಿಟ್ಟರೆ ವರ್ಷವೆಲ್ಲ ಅಲ್ಲೊಂದು ಇಲ್ಲೊಂದು ಹೂ ಬಿಡುತ್ತದೆ. ಅದಕ್ಕೇ ನಾವು ಒಂದು ತಿಂಗಳು, ಒಂದೂವರೆ ತಿಂಗಳು ನೀರು ಪೂರ್ತಿ ನಿಲ್ಲಿಸುತ್ತೇವೆ. ಗಿಡ ಬಾಡುತ್ತದೆ, ಎಲೆ ಹಳದಿಯಾಗಿ ಉದುರುತ್ತದೆ. ಹೊಸಬರು ನೋಡಿದರೆ ಹೆದರಬೇಕು, ಹಾಗಾಗುತ್ತದೆ. ಆಗ ಬುಡ ಸಡಿಲಿಸಿ, ಗೊಬ್ಬರ ಕೊಟ್ಟು ನೀರು ಬಿಟ್ಟರೆ ಗಿಡದ ತುಂಬ ಒಮ್ಮೆಲೇ ಹೂವು. ಬೇಸಿಗೆಯಲ್ಲಿ ಎಲ್ಲರಿಗೂ ಲಿಂಬೆ ಬೇಕಾದಾಗ ನಮ್ಮಲ್ಲಿ ಹಣ್ಣು. ಬಹಾರ ಹಿಡಿಯುವುದು ಎಂದು ಇದಕ್ಕೆ ಹೇಳುತ್ತಾರೆ. ಎಲೆ ಉದುರುವುದನ್ನು ಕಂಡು ಖುಷಿಪಡುವ ಜನ ನಾವು.

ಒಂದು ಸಂಜೆ ಅಲ್ಲಿಯ ಪಾಸ್ಟರನ್ನೂ ಟೀಚರ್ ಹುಡುಗಿಯನ್ನೂ ಕರೆದುಕೊಂಡು ಆಕೆಯ ಮನೆಗೆ ಹೋದೆ. ನನಗೆ ಕುರ್ಚಿ ಹಾಕಿದರು, ಆಕೆ ಚಾಪೆಯ ಮೇಲೆ ಕುಳಿತಳು. ನನ್ನ ಕನ್ನಡವನ್ನು ಹುಡುಗಿ ಇಂಗ್ಲಿಷಿಗೆ, ಪಾಸ್ಟರ್ ಅದನ್ನು ಅವರ ಭಾಷೆಗೆ ಮಾಡುತ್ತಾ ಹೋದರು. ಒಂದು ತಿಂಗಳು ನೀರು ಹೊರುವುದೇ ಬೇಡ, ವಿಶ್ರಾಂತಿ ತಗೊಳ್ಳಿ, ಆಮೇಲೆ ನೋಡಿ ಹೂವು ಹೇಗೆ ಬರುತ್ತದೆ ಎಂದು ಬಹಳ ಹೊತ್ತು ಹೇಳಿದೆ. ನಮ್ಮ ತೋಟದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಆಕೆ ಒಂದೊಂದು ಫೋಟೋವನ್ನೂ ಹತ್ತಿರ ಹಿಡಿದು ನೋಡಿದಳು. ಕೊನೆಗೆ ಆಕೆ ಕೇಳಿದ್ದು ಒಂದೇ ಪ್ರಶ್ನೆ. ಆಕೆಯ ಮಾತು ಎರಡು ಬಾಯಿ ದಾಟಿ ನನ್ನ ಕಿವಿಗೆ ಬರುವಾಗ ನಮ್ಮ ಕಡೆಯ ಮಾತಾಗಿಯೇ ಬರುತ್ತಿತ್ತು, ಹಾಗೆಯೇ ಬರೆಯುತ್ತೇನೆ.

"ಖರೇನ ನೀರ ಬ್ಯಾಡೇನು?"

"ಬ್ಯಾಡ್ರಿ. ನನ್ನ ಮಾತ ನಂಬ್ರಿ," ಎಂದೆ.

ದೂರದೇಶದಿಂದ ಬಂದ ಅತಿಥಿ, ಅದರಲ್ಲೂ ತಂಡದ ಮುಂದಾಳು, ಕುರ್ಚಿಯ ಮೇಲೆ ಕುಳಿತು ಹೇಳಿದ ಮೇಲೆ ಆ ಊರಿನಲ್ಲಿ ಎದುರಾಡುವ ರೂಢಿಯಿಲ್ಲ. ನಮ್ಮೂರಲ್ಲೂ ಇಲ್ಲ. ಮನೆಗೆ ಬಂದ ಬೀಗರು ತಪ್ಪು ಹೇಳಿದರೂ ನಾವು ಹೌದ್ರಿ ಹೌದ್ರಿ ಎಂದು ತಲೆಯಾಡಿಸುತ್ತೇವೆ. ಅದು ನನಗೆ ಹೊಳೆಯಬೇಕಾಗಿತ್ತು.

ಮಾರನೆಯ ದಿನದಿಂದ ಆಕೆ ನೀರು ಹೊರಲಿಲ್ಲ. ಮೂರು ವಾರ ಕಳೆಯುವುದರೊಳಗೆ ಎಲೆಗಳು ಮುರುಟಿ ಉದುರತೊಡಗಿದವು. ಆಕೆ ಬೊಗಸೆ ತುಂಬ ಒಣ ಎಲೆ ತಂದು ನನಗೆ ತೋರಿಸಿದಳು. ನಾನು ನಕ್ಕೆ. ಹೀಗೇ ಆಗಬೇಕು, ಇನ್ನೂ ಉದುರಲಿ ಎಂದು ಆಕೆಯ ಬೆನ್ನು ತಟ್ಟಿದೆ. ಆಕೆ ಆ ಎಲೆಗಳನ್ನು ಅಲ್ಲೇ ಬಿಸಾಡದೆ ಸೊಂಟಕ್ಕೆ ಸುತ್ತಿದ ಬಟ್ಟೆಯ ಅಂಚಿನಲ್ಲಿ ಕಟ್ಟಿಕೊಂಡು ಹೋದಳು. ನರ್ಸ್ ಅಕ್ಕ, ಗಿಡ ಬಹಳ ಸೊರಗಿದಂತೆ ಕಾಣುತ್ತದಲ್ಲ ಎಂದು ಸಣ್ಣ ದನಿಯಲ್ಲಿ ಅಂದರು. ನಿಮಗೆ ಜ್ವರ ಗೊತ್ತು, ಲಿಂಬೆ ನನಗೆ ಗೊತ್ತು ಎಂದು ಬಾಯಿ ಮುಚ್ಚಿಸಿದೆ. ಇನ್ನೊಂದು ವಾರ ನೀರಿಲ್ಲದೆ ಬಿಟ್ಟೆ.

ಐದನೆಯ ವಾರ ಬುಡ ಸಡಿಲಿಸಿ ನೀರು ಕೊಡುವ ದಿನ ಬಂತೆಂದು ನಾನೇ ಉತ್ಸಾಹದಿಂದ ಸಲಿಕೆ ಹಿಡಿದು ಹೋದೆ. ಮೊದಲ ಗಿಡದ ಕಾಂಡವನ್ನು ಉಗುರಿನಿಂದ ಕೆರೆದೆ. ಬಾಡಿದ ಗಿಡದಲ್ಲೂ ತೊಗಟೆಯ ಕೆಳಗೆ ಹಸಿರು ಇರಬೇಕು. ಕಂದು ಇತ್ತು. ಎರಡನೆಯದೂ ಕಂದು, ಮೂರನೆಯದೂ. ರೆಂಬೆ ಬಗ್ಗಿಸಿದರೆ ಚಟ್ ಎಂದು ಮುರಿಯಿತು. ನಾನು ಒಂದು ಗಿಡದಿಂದ ಇನ್ನೊಂದಕ್ಕೆ ಓಡುತ್ತಾ ಕೆರೆಯುತ್ತಾ ಹೋಗುವುದನ್ನು ಆಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಆಕೆಯ ಕಡೆ ತಿರುಗಿ ನೋಡಲಿಲ್ಲ, ಸಲಿಕೆ ಅಲ್ಲೇ ಬಿಟ್ಟು ಬಿಡಾರಕ್ಕೆ ಬಂದುಬಿಟ್ಟೆ.

ಗೌಂಡಿ ಕಾಕಾ ಜಗಲಿಯ ಮೇಲೆ ಚಹಾ ಕುಡಿಯುತ್ತಿದ್ದರು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಕಪ್ಪು ಕೆಳಗಿಟ್ಟರು.

"ಸಂಡಾಸದ ತೆಗ್ಗ ತಗಿಯುವಾಗ ನಾ ನೋಡೇನ್ರಿ. ಇಲ್ಲಿ ಮ್ಯಾಲ ಮೊಣಕಾಲ ಮಟ ಮಣ್ಣು, ಕೆಳಗ ಬರೇ ಉಸುಕು. ನೀರ ಹಿಡ್ಯೂದೇ ಇಲ್ಲ," ಎಂದರು.

"ಮದ್ಲ ಯಾಕ ಹೇಳಲಿಲ್ರಿ ಕಾಕಾ?"

"ನೀವ ಕೇಳಲಿಲ್ಲಲ್ರಿ. ಲೀಡರ್ ನೀವು."

ಅದನ್ನು ಅವರು ಚುಚ್ಚಲು ಹೇಳಲಿಲ್ಲ. ಹೇಳಿ ತಲೆ ಕೆಳಗೆ ಹಾಕಿದರು. ಆ ಮರಳಿನಂತಲ್ಲ, ನಮ್ಮ ಕರಿ ಮಣ್ಣು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ತೇವ ಇಟ್ಟುಕೊಳ್ಳುತ್ತದೆ. ಮೇಲೆ ಬಿರುಕು ಬಿಟ್ಟರೂ ಒಳಗೆ ಬೇರಿಗೆ ಗುಟುಕು ಸಿಗುತ್ತಿರುತ್ತದೆ. ನಮ್ಮ ಗಿಡಗಳು ಸಾಯದೆ ಇರುವುದು ನಮ್ಮ ಜಾಣತನದಿಂದಲ್ಲ, ಆ ಮಣ್ಣಿನಿಂದ. ಅಲ್ಲಿ ಆಕೆ ದಿನ ಬಿಟ್ಟು ದಿನ ನೀರು ಹೊರುತ್ತಿದ್ದುದು ತಿಳಿಯದೆ ಅಲ್ಲ, ಚೆನ್ನಾಗಿ ತಿಳಿದೇ ಹೊರುತ್ತಿದ್ದಳು. ಆಕೆಯ ಮೂವತ್ತು ಗಿಡಗಳನ್ನು ನಾನು ಉಸುಕಿನಲ್ಲಿ ನಿಲ್ಲಿಸಿ ಬಾಯಾರಿಸಿ ಕೊಂದಿದ್ದೆ.

ಆ ದಿನ ನಾವು ನಾಲ್ವರೂ ಕುಳಿತೆವು, ಅಲ್ಲಿಯ ಪಾಸ್ಟರೂ ಬಂದರು. ಪಾಸ್ಟರ್ ಬಹಳ ಒಳ್ಳೆಯ ಮನುಷ್ಯ. ಈ ವರ್ಷ ಬಿಸಿಲು ಜಾಸ್ತಿ, ರೋಗವೂ ಇರಬಹುದು, ಇದು ದೇವರ ಪರೀಕ್ಷೆ ಎಂದು ನಾನೇ ಆಕೆಗೆ ತಿಳಿಸಿ ಹೇಳುತ್ತೇನೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ನರ್ಸ್ ಅಕ್ಕನಿಗೂ ಅದೇ ಸರಿ ಎನಿಸಿತು. ತಂಡದ ಹೆಸರು ಕೆಟ್ಟರೆ ಮುಂದೆ ಯಾರೂ ಬರಲಾರರು ಎಂದರು. ನನಗೂ ಆ ಮಾತು ಬಹಳ ಹಿತವಾಗಿತ್ತು. ಹೌದೆಂದುಬಿಡಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಟೀಚರ್ ಹುಡುಗಿ, ನಾನು ಬೈದು ಅಳಿಸಿದವಳು, ಹೇಳಿದಳು:

"ಅಕ್ಕಾ, ನೀರ ಬ್ಯಾಡ ಅನ್ನೂ ಮಾತ ನನ್ನ ಬಾಯಿಂದನೂ ಹೋಗೈತಿ. ದೇವರ ಮ್ಯಾಲ ಹಾಕ್ರಿ ಅನ್ನೂದನ್ನ ನಾ ಪಾಸ್ಟರಿಗೆ ತಿರುಗಿಸಿ ಹೇಳೂದಿಲ್ಲ."

ನನಗೆ ಸಿಟ್ಟು ಬಂತು. ಬಹಳ ಸಿಟ್ಟು ಬಂತು. ಆ ಸಿಟ್ಟು ಇಳಿದ ಮೇಲೆ ನಾಚಿಕೆಯಾಯಿತು. ನಾಳೆ ಬೆಳಿಗ್ಗೆ ನಾನು ಹೋಗಿ ಹೇಳುತ್ತೇನೆ, ನೀನು ಜೊತೆಗೆ ಬಾ ಎಂದೆ.

ಬೆಳಿಗ್ಗೆ ಹೋದಾಗ ಆಕೆ ಅಂಗಳ ಗುಡಿಸುತ್ತಿದ್ದಳು. ನಮ್ಮನ್ನು ಕಂಡು ಕುರ್ಚಿ ತರಲು ಒಳಗೆ ಹೊರಟಳು. ಬೇಡವೆಂದು ಕೈ ಹಿಡಿದು ನಿಲ್ಲಿಸಿದೆ. ನೆಲದ ಮೇಲೆ ಕುಳಿತೆ. ಪಾಸ್ಟರ್ ಬಂದಿದ್ದರು, ಅವರ ಮುಖದಲ್ಲಿ ಸಂಕಟ ಕಾಣುತ್ತಿತ್ತು. ನಾನು ಹೇಳಿದ್ದು ಇಷ್ಟೇ: ಗಿಡ ಸತ್ತದ್ದು ಬಿಸಿಲಿನಿಂದಲ್ಲ, ರೋಗದಿಂದಲ್ಲ, ನನ್ನ ಮಾತಿನಿಂದ. ನಿಮ್ಮ ಮಣ್ಣು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನಾನು ಕೇಳಲಿಲ್ಲ. ಅವರ ಭಾಷೆಯಲ್ಲಿ ಕ್ಷಮಿಸಿ ಎನ್ನುವ ಒಂದು ಮಾತನ್ನು ಕಲಿತು ಹೋಗಿದ್ದೆ, ಅದನ್ನೂ ಹೇಳಿದೆ.

ಆಕೆ ಅಳಲಿಲ್ಲ, ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ನನಗೆ ಆ ಮಾತು ಕೇಳುವ ಆಸೆ ಎಷ್ಟಿತ್ತೆಂದರೆ ಪಾಸ್ಟರ್ ಮುಖವನ್ನೇ ನೋಡುತ್ತಿದ್ದೆ, ಅನುವಾದದಲ್ಲಿ ಬಿಟ್ಟರೇನೋ ಎಂದು. ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಎರಡು ಬಕೆಟ್ ತಂದು ನನ್ನ ಮುಂದೆ ಇಟ್ಟಳು.

ಎಲ್ಲ ಗಿಡವೂ ಸತ್ತಿರಲಿಲ್ಲ. ಆಕೆ ನನ್ನಂತೆ ಗಾಬರಿಯಿಂದ ಓಡಾಡದೆ ಒಂದೊಂದನ್ನೂ ಬುಡದವರೆಗೆ ಕೆರೆದು ನೋಡಿದ್ದಳು. ಹತ್ತೊಂಬತ್ತರಲ್ಲಿ ನೆಲದ ಹತ್ತಿರ ಇನ್ನೂ ಹಸಿರು ಇತ್ತು. ಹನ್ನೊಂದು ಪೂರ್ತಿ ಹೋಗಿದ್ದವು.

ಆವತ್ತಿನಿಂದ ನಾವು ಊರಿಗೆ ಹೊರಡುವವರೆಗೆ ಐದು ವಾರ ನಾನು ನೀರು ಹೊತ್ತೆ. ಕೈಪಂಪಿನ ಹತ್ತಿರ ಹೆಂಗಸರ ಸಾಲು ಇರುತ್ತಿತ್ತು. ಮೊದಲ ದಿನ ಅತಿಥಿಯೆಂದು ಮುಂದೆ ಬಿಟ್ಟರು. ಆಕೆ ಹಿಂದಿನಿಂದ ಏನೋ ಹೇಳಿ ಸಾಲಿನ ಕೊನೆಗೆ ಕೈ ತೋರಿಸಿದಳು, ನಾನು ಅಲ್ಲಿಗೆ ಹೋಗಿ ನಿಂತೆ. ಎರಡನೆಯ ದಿನದಿಂದ ಯಾರೂ ಮುಂದೆ ಬಿಡಲಿಲ್ಲ. ಕುತ್ತಿಗೆ ಹಿಡಿದುಕೊಂಡಿತು, ಅಂಗೈ ಬೊಬ್ಬೆ ಎದ್ದು ಒಡೆಯಿತು. ನರ್ಸ್ ಅಕ್ಕ ಅದಕ್ಕೆ ಪಟ್ಟಿ ಕಟ್ಟಿ, ಮರುದಿನ ತಾವೂ ಒಂದು ಬಕೆಟ್ ಹಿಡಿದು ಬಂದರು. ಟೀಚರ್ ಹುಡುಗಿ ಅಲ್ಲಿಯ ಸಾಲಿಯಲ್ಲಿ ಕಲಿಸಲು ಹೋಗುವ ಮುಂಚೆ ಬರುತ್ತಿದ್ದಳು. ಯಾರಿಗೂ ನಾನು ಬಾ ಎಂದಿರಲಿಲ್ಲ.

ಕಾಕಾ ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಸಲಿಕೆ ಹಿಡಿದು ಬಂದವರೇ, ಪಾಸ್ಟರ್ ಮೂಲಕ ಆಕೆಯನ್ನು ಕೇಳಿ ಕೇಳಿ ಪ್ರತಿ ಗಿಡದ ಸುತ್ತ ನೀರು ನಿಲ್ಲುವಂತೆ ದುಂಡಗೆ ಒಡ್ಡು ಕಟ್ಟಿದರು. ಗೋವಿನಜೋಳದ ಒಣ ದಂಟು ಹಾಸಿದರೆ ತೇವ ಹಿಡಿಯುತ್ತದೆ ಎಂದು ಆಕೆ ಹೇಳಿದಳು. ಹಾಸಿದೆವು. ಗೋಡೆಯ ಮೇಲಿನ ನನ್ನ ವೇಳಾಪಟ್ಟಿ ಯಾವಾಗ ಕಳಚಿ ಬಿತ್ತೋ ಗೊತ್ತಾಗಲಿಲ್ಲ. ಐದೂವರೆಗೆ ನೀರಿಗೆ ಹೋಗಲು ಎಲ್ಲರೂ ಎದ್ದೇ ಇರುತ್ತಿದ್ದೆವು, ಹೋಗುವ ಮುಂಚೆ ಅಂಗಳದಲ್ಲಿ ನಿಂತು ಒಂದು ಸಣ್ಣ ಪ್ರಾರ್ಥನೆ ಮಾಡುತ್ತಿದ್ದೆವು. ಕಾಕಾ 'ಲೀಡರ್ ಬಾಯಿ' ಎನ್ನುವುದನ್ನು ಬಿಟ್ಟು ತಂಗಿ ಎನ್ನತೊಡಗಿದರು. ಮೊದಲಿನ ಹೆಸರಿಗಿಂತ ಅದು ನನಗೆ ದೊಡ್ಡದಾಗಿ ಕೇಳಿಸಿತು.

ನೀರು ಹೊರತೊಡಗಿದ ನಾಲ್ಕನೆಯ ವಾರ ಕೆಲವು ಗಿಡಗಳ ಬುಡದಲ್ಲಿ ಚಿಗುರು ಬಂತು. ನಾನು ಕುಣಿಯುವುದೊಂದು ಬಾಕಿ. ಆಕೆ ಮಾತ್ರ ಚಿಗುರನ್ನು ನೋಡಿ ಹಣ್ಣಿಗೆ ಇನ್ನೆರಡು ವರ್ಷ ಬೇಕು ಎಂದು ಲೆಕ್ಕ ಹೇಳಿದಳು. ಮೊಮ್ಮಗಳ ಓದು ಮುಗಿಯಲು ಎರಡೇ ವರ್ಷ ಉಳಿದಿತ್ತು. ಅಲ್ಲಿಯ ಸಭೆಯವರು ಆ ಹುಡುಗಿಯನ್ನು ಸಾಲಿ ಬಿಡಿಸಲು ಕೊಡಲಿಲ್ಲ, ನಮ್ಮ ನಾಲ್ಕು ಊರಿನವರೂ ಆಮೇಲೆ ಕೈ ಜೋಡಿಸಿದರು. ಆದರೆ ತನ್ನ ತಲೆಯ ಮೇಲಿನ ನೀರಿನಿಂದ ಮೊಮ್ಮಗಳನ್ನು ಓದಿಸುತ್ತಿದ್ದ ಹೆಂಗಸು ಇನ್ನೊಬ್ಬರ ಮುಂದೆ ಕೈ ಚಾಚುವಂತಾಯಿತು. ಅದನ್ನು ನಾನು ಮಾಡಿದೆ, ಯಾವ ಸಹಾಯವೂ ಅದನ್ನು ಅಳಿಸಲಿಲ್ಲ.

ನಾವು ಹೊರಡುವ ಹಿಂದಿನ ಭಾನುವಾರ ಅಲ್ಲಿಯ ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತು. ದೇವರು ತಮಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರಾಗಿ ಎದ್ದು ಹೇಳುತ್ತಾರೆ, ನಮ್ಮಲ್ಲೂ ಹಾಗೇ. ಶೌಚಾಲಯದ ಬಗ್ಗೆ ಹೇಳಿದರು, ನರ್ಸ್ ಅಕ್ಕನ ಔಷಧದ ಬಗ್ಗೆ ಹೇಳಿದರು, ಹೊಲಿಗೆ ಕಲಿತವರು ತಾವು ಹೊಲಿದ ಅಂಗಿ ತೋರಿಸಿದರು. ಆಮೇಲೆ ಆಕೆ ಎದ್ದಳು. ಟೀಚರ್ ಹುಡುಗಿ ನನ್ನ ಕಿವಿಯಲ್ಲಿ ಹೇಳುತ್ತಾ ಬಂದಳು.

"ಈ ಬಾಯಿ ನನ್ನ ಹನ್ನೊಂದ ಗಿಡಾ ಕೊಂದಾಳ. ಹತ್ತೊಂಬತ್ತ ಗಿಡಕ್ಕ ನೀರ ಹೊತ್ತಾಳ. ನಾ ಎರಡೂ ಹೇಳಾಕತ್ತೇನಿ, ಯಾಕಂದ್ರ ಎರಡೂ ಖರೆ. ತನ್ನ ಊರಿಗೆ ಹೋಗಿ ಆಕಿನೂ ಎರಡೂ ಹೇಳ್ಬೇಕು."

ಹೇಳಿ ಕುಳಿತಳು. ಕುಳಿತವಳು ಮತ್ತೆ ಎದ್ದು ಹಾಡು ಶುರು ಮಾಡಿದಳು, ಅದು ಅವಳ ಕೆಲಸವಾಗಿತ್ತಲ್ಲ.

ಊರಿಗೆ ಬಂದ ಮೇಲೆ ನಾಲ್ಕು ಸಭೆಗಳಲ್ಲೂ ನಮ್ಮ ಸಾಕ್ಷಿ ಇಟ್ಟಿದ್ದರು. ಅಯ್ಯನವರು ಚೇತರಿಸಿಕೊಂಡಿದ್ದರು. ಎಲ್ಲ ಕೇಳಿ, ಗಿಡದ ಮಾತು ಬಿಟ್ಟುಬಿಡು ಎಂದು ಪ್ರೀತಿಯಿಂದಲೇ ಹೇಳಿದರು. ಜನ ಪ್ರಾರ್ಥಿಸಿ ಕಳಿಸಿದ್ದಾರೆ, ಅವರ ಮನಸ್ಸು ಮುರಿಯುತ್ತದೆ ಎಂದರು. ಅವರ ಮಾತನ್ನು ಮೀರಿದ್ದು ಅದೊಂದೇ ಸಲ. ಸಿಂದಗಿಯಲ್ಲಿ ಎರಡೂ ಹೇಳಿದೆ. ಕೊನೆಗೆ ಯಾರೋ ಹಲ್ಲೆಲೂಯಾ ಎಂದರು, ಎಲ್ಲರಿಗೂ ಉಸಿರು ಬಂದಂತಾಯಿತು. ಮುದ್ದೇಬಿಹಾಳದಲ್ಲಿ ನಾನು ಮುಗಿಸುವ ಮೊದಲೇ ಕಾಕಾ ಎದ್ದು ನಿಂತು, ಮಣ್ಣಿನ ವಿಷಯ ತನಗೆ ಗೊತ್ತಿತ್ತು, ಹೇಳದೆ ಇದ್ದೆ ಎಂದು ತಮ್ಮೂರಿನವರ ಮುಂದೆ ಹೇಳಿದರು. ಹಾಗೆ ಹೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬಾಗೇವಾಡಿಯಲ್ಲಿ ಒಬ್ಬ ಹಿರಿಯರು, ಇಂಥದ್ದನ್ನೆಲ್ಲ ಬಹಿರಂಗವಾಗಿ ಹೇಳುವುದು ಸರಿಯಲ್ಲ ಎಂದು ಸಿಟ್ಟಾದರು.

ಕೊನೆಗೆ ಇಂಡಿ. ಅಲ್ಲಿ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಬೇರೆ ಊರಿನವರಿಗೆ ಅದು ಯಾವುದೋ ದೇಶದ ಗಿಡದ ಕಥೆ. ಇಲ್ಲಿ ಬೆಂಚಿನ ಮೇಲಿದ್ದವರಲ್ಲಿ ಅರ್ಧ ಜನ ಲಿಂಬೆಯಿಂದ ಅನ್ನ ಉಣ್ಣುವವರು. ನೀರು ನಿಲ್ಲಿಸಿದೆ ಎಂದಾಗ ತಲೆಯಾಡಿಸಿದರು. ಎಲೆ ಉದುರಿದಾಗ ನಕ್ಕೆ ಎಂದಾಗಲೂ ತಲೆಯಾಡಿಸಿದರು. ಕೆಳಗೆ ಉಸುಕಿತ್ತು ಎಂದಾಗ ಆಡುತ್ತಿದ್ದ ತಲೆಗಳು ನಿಂತವು, ಯಾರೂ ಹಲ್ಲೆಲೂಯಾ ಎನ್ನಲಿಲ್ಲ.

ಆರಾಧನೆ ಮುಗಿದ ಮೇಲೆ ಜನ ನನ್ನನ್ನು ಮಾತಾಡಿಸದೆ ಹೊರಗೆ ಹೋದರು. ಅಪ್ಪ ಮಾತ್ರ ಬೆಂಚಿನ ಮೇಲೆ ಉಳಿದಿದ್ದರು, ಅವರಿಗೆ ಏಳಲು ಕೈ ಕೊಡಬೇಕು. ಹತ್ತಿರ ಹೋದೆ. ಅವರು ಏಳಲಿಲ್ಲ. ನನ್ನ ಕೈಯನ್ನು ತಮ್ಮ ಕೈಯಲ್ಲೇ ಹಿಡಿದುಕೊಂಡು ಕುಳಿತರು. ಬೈಯಬಹುದು ಎಂದುಕೊಂಡೆ, ಬೈದರೆ ಒಳ್ಳೆಯದೆಂದೂ ಅನಿಸಿತು.

"ಬುಡಕ ಕೈ ಹಾಕಿ ಮಣ್ಣ ನೋಡಲಿಲ್ಲೇನವ್ವಾ?" ಎಂದು ಕೇಳಿದರು.

"ಇಲ್ಲಪ್ಪಾ," ಎಂದೆ. "ಆವಾಗ ನಾ ಮಾತಾಡಾಕತ್ತಿದ್ದೆ."